ಸೋಲಿನ ಹೊಣೆ ಯಾರ ಹೆಗಲಿಗೆ?

ಸೋತ ತಂಡದ ಅಭಿಮಾನಿಯಷ್ಟು ಶ್ರದ್ಧೆಯಿಂದ ಇತಿಹಾಸ ಕೆದಕುವವರು ಬೇರೆ ಯಾರೂ ಇಲ್ಲ. ಗೆದ್ದವನಿಗೆ ನಿನ್ನೆಯ ಆಟವೊಂದೇ ಸಾಕು. ಸೋತವನಿಗೆ ಮಾತ್ರ ತಾತ ಮುತ್ತಾತಂದಿರ ಕಾಲದ ಲೆಕ್ಕವೆಲ್ಲ ಬೇಕಾಗುತ್ತದೆ. ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ 2024ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಕಾಲಿಟ್ಟು, ಮೊದಲ ವರ್ಷವೇ ಹದಿಮೂರು ತಂಡಗಳಲ್ಲಿ ಹದಿಮೂರನೆಯದಾಗಿ ಆಟ ಮುಗಿಸಿತು. ಆಗ ಅದರ ಅಭಿಮಾನಿಗಳ ನಡುವೆ ಎದ್ದ ವಾಗ್ವಾದವನ್ನು ನಾವು ಕುತೂಹಲದಿಂದ ಗಮನಿಸಿದ್ದು ಈ ಕಾರಣಕ್ಕೇ. ಅದು ಕ್ರೀಡಾಪುಟದಲ್ಲಿ ಹುಟ್ಟಿ ಕ್ರೀಡಾಪುಟದಲ್ಲಿಯೇ ಸಾಯುವ ಮಾತಾಗಿರಲಿಲ್ಲ.

ಮೊದಲು ಅಂಕಿಗಳನ್ನು ನೋಡೋಣ. 2023-24ರ ಐ-ಲೀಗಿನಲ್ಲಿ ಈ ತಂಡ ಆಡಿದ್ದು 24 ಪಂದ್ಯ. 15 ಗೆಲುವು, 7 ಡ್ರಾ, 2 ಸೋಲು. 52 ಅಂಕಗಳೊಂದಿಗೆ ಚಾಂಪಿಯನ್ ಆಗಿ ಮೇಲಿನ ಲೀಗಿಗೆ ಬಡ್ತಿ ಪಡೆಯಿತು. ಮರುವರ್ಷವೂ 24 ಪಂದ್ಯವೇ. 2 ಗೆಲುವು, 7 ಡ್ರಾ, 15 ಸೋಲು, 13 ಅಂಕ. ಕನ್ನಡಿ ಎದುರು ಹಿಡಿದರೆ ಎಡ ಬಲವಾಗುವಂತೆ ಒಂದೇ ವರ್ಷದಲ್ಲಿ ಅಂಕಿಗಳು ಅದಲುಬದಲಾದವು. ಕಥೆಯೊಂದರಲ್ಲಿ ನಾವು ಹೀಗೆ ಬರೆದಿದ್ದರೆ 'ಕಾಕತಾಳೀಯ ಅತಿಯಾಯಿತು' ಎಂದು ಸಂಪಾದಕರು ಹೊಡೆದುಹಾಕುತ್ತಿದ್ದರು.

ಈ ಪಲ್ಲಟಕ್ಕೆ ಯಾರು ಕಾರಣ? ಅಭಿಮಾನಿಗಳ ಬಳಿ ಉತ್ತರಗಳಿಗೆ ಬರವಿರಲಿಲ್ಲ. ಕೋಚ್‌ಗೆ ತಂತ್ರ ಗೊತ್ತಿಲ್ಲ ಎಂದರು ಕೆಲವರು. ದುಡ್ಡಿಗಾಗಿ ಬಂದ ಪರದೇಶಿ ಆಟಗಾರರಿಗೆ ಈ ಕಪ್ಪು-ಬಿಳಿ ಅಂಗಿಯ ಬೆಲೆ ಏನು ಗೊತ್ತು ಎಂದರು ಇನ್ನು ಕೆಲವರು. ಹೂಡಿಕೆದಾರರು ಕೈಯೆತ್ತಿದರು, ಪದಾಧಿಕಾರಿಗಳು ಕುರ್ಚಿ ಬಿಡಲಿಲ್ಲ, ರೆಫರಿಗಳು ನಮ್ಮ ಪಾಲಿಗೆ ಎಂದೂ ಕಣ್ಣು ತೆರೆದವರಲ್ಲ ಎಂಬ ಮಾತುಗಳೂ ಬಂದವು. ಇವೆಲ್ಲ ಮುಗಿದ ಮೇಲೆ ಹಿರಿಯರೊಬ್ಬರು ನಿಟ್ಟುಸಿರಿಟ್ಟು 1947ಕ್ಕೆ ಹೋಗುವುದು, ಅಲ್ಲಿಂದ ಕಿರಿಯರೊಬ್ಬರು 'ನಮ್ಮ ಕೌಮೇ ಹೀಗೆ, ಒಗ್ಗಟ್ಟಿಲ್ಲ' ಎಂದು ಷರಾ ಬರೆದು ಎದ್ದು ಹೋಗುವುದು. ಪ್ರತಿ ಸೋಲಿನ ನಂತರವೂ ಈ ವಾಗ್ವಾದ ಬಹುತೇಕ ಇದೇ ದಾರಿಯಲ್ಲಿ ಸಾಗುತ್ತದೆ.

ಉರ್ದು ಓದಿ ಬೆಳೆದ ನಮ್ಮಂಥವರಿಗೆ ಈ ದಾರಿ ಪರಿಚಿತ. ಉರ್ದುವಿನಲ್ಲಿ 'ಶಹರ್ ಆಶೋಬ್' ಎಂಬ ಕಾವ್ಯಪ್ರಕಾರವಿದೆ. ಹದಿನೆಂಟನೆಯ ಶತಮಾನದಲ್ಲಿ ದೆಹಲಿ ಲೂಟಿಯಾಗಿ ಬರಡಾದಾಗ ಮೀರ್, ಸೌದಾರಂಥ ಕವಿಗಳು, ಆಮೇಲೆ ಆಗ್ರಾ ಬಡವಾದಾಗ ನಜೀರ್ ಅಕ್ಬರಾಬಾದಿ ಬರೆದದ್ದು ಇದನ್ನೇ. ಒಂದು ನಗರದ ಪತನವನ್ನು ಕಸುಬು ಕಸುಬಾಗಿ, ಬೀದಿ ಬೀದಿಯಾಗಿ ಎಣಿಸುತ್ತ ಹೋಗುವುದು ಅದರ ಕ್ರಮ. ಸಿಪಾಯಿಗೆ ಪಗಾರವಿಲ್ಲ, ವರ್ತಕನಿಗೆ ಗಿರಾಕಿಯಿಲ್ಲ, ಕವಿಗೆ ಆಶ್ರಯವಿಲ್ಲ. ಇದು ಮರ್ಸಿಯಾದ ಹಾಗಲ್ಲ ಎಂಬುದನ್ನು ಗಮನಿಸಬೇಕು. ಮರ್ಸಿಯಾದಲ್ಲಿ ಅಪರಾಧಿ ಯಾರೆಂದು ಕೇಳುಗರಿಗೆಲ್ಲ ಗೊತ್ತು. ಕರ್ಬಲಾದ ಕೊಲೆಗಾರನ ಹೆಸರಿನ ಬಗ್ಗೆ ಸಂದೇಹವಿಲ್ಲ. ಶಹರ್ ಆಶೋಬಿನಲ್ಲಿ ದುಃಖವಿದೆ, ಬಲಿಯಾದವರ ಪಟ್ಟಿಯಿದೆ, ಅಪರಾಧಿಯ ಜಾಗದಲ್ಲಿ ಬಹಳ ಸಲ ಬಂದು ನಿಲ್ಲುವುದು 'ಫಲಕ್', ಅಂದರೆ ಆಕಾಶ. ಕಾಲಚಕ್ರ ತಿರುಗಿತು, ಆಕಾಶ ಮುನಿಯಿತು. ಆಕಾಶದ ಮೇಲೆ ಯಾರೂ ದಾವೆ ಹೂಡಲಾರರು.

ಮೊಹಮ್ಮಡನ್ ಅಭಿಮಾನಿಗಳ ವಾಗ್ವಾದವನ್ನು ಮೈದಾನದ ಶಹರ್ ಆಶೋಬ್ ಎಂದು ಓದಬಹುದು ಎಂಬುದು ನಮ್ಮ ಅನಿಸಿಕೆ. ಹಾಗೆ ಓದಿದರೆ ಅದರ ಸೊಗಸೂ ಕಾಣುತ್ತದೆ, ಅದರ ಮೋಸವೂ ಕಾಣುತ್ತದೆ. ಈ ಕ್ಲಬ್ಬಿನ ಅಭಿಮಾನಿಗಳು ಬಹುವಾಗಿ ಇರುವುದು ಖಿದಿರ್‌ಪುರ, ಪಾರ್ಕ್ ಸರ್ಕಸ್, ರಾಜಾಬಜಾರ್, ಮೆಟಿಯಾಬ್ರುಜ್‌ಗಳಲ್ಲಿ. ರಾಜ್ಯ ಕಳಕೊಂಡ ಅವಧದ ನವಾಬ ವಾಜಿದ್ ಅಲಿ ಶಾ ಬಂದು ನೆಲೆಸಿದ್ದು ಅದೇ ಮೆಟಿಯಾಬ್ರುಜ್‌ನಲ್ಲಿ. ಇವರು ಫುಟ್‌ಬಾಲ್ ಆಡುವ ಮೈದಾನದ ಅಂಚಿಗೆ, ಧರ್ಮತಲದಲ್ಲಿ, ಟಿಪ್ಪುವಿನ ಮಗ ಗುಲಾಮ್ ಮೊಹಮ್ಮದ್ 1842ರಲ್ಲಿ ಕಟ್ಟಿಸಿದ ಮಸೀದಿಯಿದೆ. ಶ್ರೀರಂಗಪಟ್ಟಣವೂ ಲಖನೌವೂ ಸೋತು ಬಂದು ನೆಲೆ ಕಂಡುಕೊಂಡ ಊರು ಅದು. ಅಲ್ಲಿಯ ಜನ ಸೋಲಿನ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆಂದರೆ ಆಶ್ಚರ್ಯವೇನು?

ಆದರೆ ಚೆನ್ನಾಗಿ ಹೇಳಿದ ಮಾತು ನಿಜವೂ ಆಗಿರಬೇಕೆಂದಿಲ್ಲ. ಒಂದೊಂದಾಗಿ ನೋಡೋಣ.

1891ರಲ್ಲಿ ಸ್ಥಾಪನೆಯಾದ ಈ ಕ್ಲಬ್ಬಿನ ಸುವರ್ಣಯುಗ 1934ರಿಂದ ಶುರುವಾಗುತ್ತದೆ. ಕಲ್ಕತ್ತಾ ಲೀಗ್ 1898ರಿಂದ ನಡೆಯುತ್ತಿದ್ದರೂ ಅಲ್ಲಿಯವರೆಗೆ ಅದನ್ನು ಗೆದ್ದವರೆಲ್ಲ ಗೋರಾ ಪಲ್ಟನ್ನುಗಳು, ಇಲ್ಲವೆ ಯುರೋಪಿಯನ್ನರ ಕ್ಲಬ್ಬುಗಳು. ಎರಡನೆಯ ದರ್ಜೆಯಿಂದ ಮೇಲೆ ಬಂದ ವರ್ಷವೇ ಮೊಹಮ್ಮಡನ್ ಅದನ್ನು ಗೆದ್ದಿತು. ಮುಂದೆ 1938ರವರೆಗೆ ಸತತ ಐದು ವರ್ಷ ಬಿಟ್ಟುಕೊಡಲಿಲ್ಲ. 1936ರಲ್ಲಿ ಐಎಫ್ಎ ಶೀಲ್ಡ್, 1940ರಲ್ಲಿ ಡ್ಯುರಾಂಡ್ ಕಪ್. ದೆಹಲಿಯ ಆ ಫೈನಲಿನಲ್ಲಿ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ, ಡ್ಯುರಾಂಡ್ ಗೆದ್ದ ಮೊದಲ ಭಾರತೀಯ ಕ್ಲಬ್ ಎನಿಸಿತು. ಇದೇ ತಂಡದ ಮೊಹಮ್ಮದ್ ಸಲೀಂ 1936ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ, ಬರಿಗಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಸೆಲ್ಟಿಕ್ ಪರವಾಗಿ ಆಡಿ ಬಂದವನು.

ಈಗ 'ದುಡ್ಡಿಗೆ ಬಂದ ಹೊರಗಿನವರು' ಎಂಬ ದೂರನ್ನು ಈ ಇತಿಹಾಸದ ಪಕ್ಕದಲ್ಲಿಟ್ಟು ನೋಡಿ. ಆ ಸುವರ್ಣ ತಂಡ ಕೋಲ್ಕತ್ತದ ಗಲ್ಲಿಗಳಲ್ಲಿ ತಾನಾಗಿ ಅರಳಿದ್ದಲ್ಲ. ಬೆಂಗಳೂರಿನಿಂದ, ದೂರದ ಕ್ವೆಟ್ಟಾದಿಂದ, ಎಲ್ಲಿ ಒಳ್ಳೆಯ ಆಟಗಾರನಿದ್ದರೆ ಅಲ್ಲಿಂದ ಕರೆತಂದು ಕಟ್ಟಿದ್ದು. ಮಳೆಗಾಲದ ಕೆಸರಿನಲ್ಲಿ ಬರಿಗಾಲಿನ ಆಟ ನಡೆಯುವುದಿಲ್ಲವೆಂದು ಬೂಟು ಹಾಕಿಸಿದ್ದೂ ಆ ಕಾಲದ ಆಡಳಿತಗಾರರೇ. ಹೊರಗಿನವರನ್ನು ತಂದು ಬಂಗಾಳದ ಆಟ ಹಾಳುಮಾಡುತ್ತಿದ್ದಾರೆ ಎಂದು ಆಗ ಎದುರಾಳಿಗಳು ಆಡಿಕೊಳ್ಳುತ್ತಿದ್ದರು. ತೊಂಬತ್ತು ವರ್ಷಗಳ ನಂತರ ಆ ಎದುರಾಳಿಗಳ ಮಾತನ್ನೇ ಈ ಕ್ಲಬ್ಬಿನ ಅಭಿಮಾನಿಗಳು ತಮ್ಮ ಮಾತೆಂದು ಆಡುತ್ತಿದ್ದಾರೆ. ಮರೆವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಎಂಬತ್ತರ ದಶಕದಲ್ಲಿ ಇರಾನಿನ ಮಜೀದ್ ಬಿಷ್ಕರ್‌ನನ್ನು, ನೈಜೀರಿಯಾದ ಚೀಮಾ ಒಕೊರಿಯನ್ನು ಹೆಗಲ ಮೇಲೆ ಹೊತ್ತು ತಿರುಗಿದ ಗ್ಯಾಲರಿಯೂ ಇದೇ.

ಈ ಸಂದರ್ಭದಲ್ಲಿ ನಮ್ಮ ನಾಡಿನ ಒಂದು ಸಂಗತಿಯನ್ನು ಹೇಳಲೇಬೇಕು. ಮೊಹಮ್ಮಡನ್ ಉತ್ತುಂಗದಲ್ಲಿದ್ದ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಫೈನಲಿನಲ್ಲಿ ಅದನ್ನು ಒಂದು ಗೋಲಿನಿಂದ ಮಣಿಸಿದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. 1940ರ ಫೈನಲಿನಲ್ಲಿ ಮೊಹಮ್ಮಡನ್ ಅದೇ ಒಂದು ಗೋಲಿನಿಂದ ಸೇಡು ತೀರಿಸಿಕೊಂಡಿತು. ಕೋಲ್ಕತ್ತದ ತಂಡಕ್ಕೆ ಹಾಡಿ ಅಳುವುದಕ್ಕಾದರೂ ಜನರಿದ್ದಾರೆ. ಬೆಂಗಳೂರು ಮುಸ್ಲಿಮ್ಸ್ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಓದಬೇಕೆಂದರೂ ಹುಡುಕಬೇಕು.

ಎರಡನೆಯ ಆರೋಪಿ ದೇಶ ವಿಭಜನೆ. ಆಶ್ರಯದಾತರು, ಶ್ರೀಮಂತರು, ಸುಶಿಕ್ಷಿತರು ಢಾಕಾಕ್ಕೆ ಹೋದರು, ಕ್ಲಬ್ಬು ಅನಾಥವಾಯಿತು ಎಂಬುದು ವಾದ. ಇದರಲ್ಲಿ ಅರ್ಧ ಸತ್ಯವಿದೆ. 1930ರ ದಶಕದಲ್ಲಿ ಬಂಗಾಳದ ಮುಸ್ಲಿಂ ರಾಜಕಾರಣದ ನೆರಳು ಈ ಕ್ಲಬ್ಬಿನ ಮೇಲೆ ಬಿದ್ದಿತ್ತು. ಗೆಲುವುಗಳನ್ನು ಕೌಮಿನ ಗೆಲುವುಗಳೆಂದು ಎಣಿಸಿದ್ದಕ್ಕೆ ಆಮೇಲೆ ಬೆಲೆ ತೆರಬೇಕಾಯಿತು. ಸ್ವಾತಂತ್ರ್ಯದ ನಂತರ ಎದುರಾಳಿ ಗ್ಯಾಲರಿಗಳಲ್ಲಿ ಇವರನ್ನು ಗಡಿಯಾಚೆಯವರೆಂದು ಹಂಗಿಸಿದ್ದುಂಟು. ಆದರೆ ಕ್ಲಬ್ಬು ಮುಗಿದದ್ದು 1947ರಲ್ಲಿ ಎನ್ನುವುದಾದರೆ 1948ರ ಕಲ್ಕತ್ತಾ ಲೀಗನ್ನು ಗೆದ್ದವರಾರು? ಇದೇ ಮೊಹಮ್ಮಡನ್. ಊರು ಇನ್ನೂ ಗಲಭೆಯ ಗಾಯ ನೆಕ್ಕುತ್ತಿದ್ದ ವರ್ಷ ಅದು. 1957ರಲ್ಲಿ ಲೀಗೂ ಶೀಲ್ಡೂ ಎರಡೂ ಇವರದೇ. 1960ರಲ್ಲಿ ಇವರು ಆ ಢಾಕಾಕ್ಕೇ ಹೋಗಿ ಆಗಾ ಖಾನ್ ಗೋಲ್ಡ್ ಕಪ್ ಗೆದ್ದು ತಂದರು. 1967ರಲ್ಲಿ ಮತ್ತೆ ಲೀಗು, 1981ರಲ್ಲಿ ಇನ್ನೊಮ್ಮೆ. ಅಲ್ಲಿಂದ ಮುಂದಿನ ಲೀಗ್ ಬಂದದ್ದು 2021ರಲ್ಲಿ, ಬರೋಬ್ಬರಿ ನಲವತ್ತು ವರ್ಷಗಳ ನಂತರ. ಬರಗಾಲ ಶುರುವಾದದ್ದು ವಿಭಜನೆಯಾದ ಮೂರೂವರೆ ದಶಕದ ಮೇಲೆ ಎಂದಾಯಿತು. ಹೋದವರ ತಲೆಗೆ ಎಲ್ಲವನ್ನೂ ಕಟ್ಟಿದರೆ ಉಳಿದವರು ಉತ್ತರ ಹೇಳಬೇಕಾದ್ದೇ ಇಲ್ಲ.

ವಿಭಜನೆಯ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವುದು ಬೆಂಗಳೂರಿನ ಅಹ್ಮದ್ ಖಾನ್. 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ದೇಶಕ್ಕೆ ಆಡಿದ ಈ ಆಟಗಾರ 1949ರಲ್ಲಿ ಸೇರಿದ್ದು ಮೊಹಮ್ಮಡನ್‌ಗಲ್ಲ, ಈಸ್ಟ್ ಬೆಂಗಾಲ್‌ಗೆ. ಪೂರ್ವ ಬಂಗಾಳದಿಂದ ಮನೆ ಮಠ ಕಳಕೊಂಡು ಬಂದ ಹಿಂದೂ ನಿರಾಶ್ರಿತರ ಎದೆಬಡಿತದಂತಿದ್ದ ಕ್ಲಬ್ಬು ಅದು. ಆ ಜನ ತಮ್ಮ ಐವರು ಮುನ್ಪಡೆ ಆಟಗಾರರನ್ನು 'ಪಂಚಪಾಂಡವರು' ಎಂದು ಕರೆದು ಪೂಜಿಸಿದರು. ಆ ಪಾಂಡವರಲ್ಲಿ ಅಹ್ಮದ್ ಖಾನ್ ಒಬ್ಬ, ಸಾಲೇ ಇನ್ನೊಬ್ಬ. ವಿಭಜನೆ ಗ್ಯಾಲರಿಗಳನ್ನು ಒಡೆಯಿತು ಎನ್ನುವವರು ಈ ಹೆಸರುಗಳನ್ನೂ ಹೇಳಿ ಮುಂದುವರಿಯಲಿ.

ರೆಫರಿಗಳ ವಿಷಯ. ಪಕ್ಷಪಾತದ ಆರೋಪ ಹೊಸದಲ್ಲ. 1939ರಲ್ಲಿ ಮೊಹಮ್ಮಡನ್ ಇದೇ ಅಸಮಾಧಾನದಿಂದ ಲೀಗನ್ನು ಬಿಟ್ಟು ಹೊರನಡೆದಿತ್ತು. ಅದರೊಂದಿಗೆ ಹೊರಬಂದದ್ದು ಈಸ್ಟ್ ಬೆಂಗಾಲ್ ಮತ್ತು ಕಾಲಿಘಾಟ್ ಎಂಬುದನ್ನು ಮಾತ್ರ ಇಂದಿನ ಅಭಿಮಾನಿಗಳು ಹೇಳುವುದಿಲ್ಲ. ದೂರು ಸಮುದಾಯದ್ದಾಗಿರಲಿಲ್ಲ, ಕ್ಲಬ್ಬುಗಳದ್ದಾಗಿತ್ತು. ಮರುವರ್ಷ ಹಿಂತಿರುಗಿ ಬಂದು ಅದೇ ಲೀಗನ್ನು ಗೆದ್ದರು. 2024ರ ಅಕ್ಟೋಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪಂದ್ಯದಲ್ಲಿ ಪೆನಾಲ್ಟಿ ವಿವಾದಕ್ಕೆ ಗ್ಯಾಲರಿಯಿಂದ ಬಾಟಲಿಗಳು ಹಾರಿ, ಆಟ ನಿಂತು, ಕೊನೆಗೆ ತಂಡ 1-2ರಿಂದ ಸೋತಿತು. ಪ್ರತಿಭಟನೆಗೂ ಇದಕ್ಕೂ ಇರುವ ಅಂತರ ಬಿಡಿಸಿ ಹೇಳಬೇಕಿಲ್ಲ. ಆ ರಾತ್ರಿ ಚರ್ಚೆಗೆ ಬರಬೇಕಾಗಿದ್ದ ಪ್ರಶ್ನೆಗಳೆಲ್ಲ ಬಾಟಲಿಗಳ ಅಡಿಯಲ್ಲಿ ಹೂತುಹೋದವು. ಪದಾಧಿಕಾರಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದ್ದೀತು!

ಹಾಗಾದರೆ ಬದಲಾದದ್ದೇನು? ಬದಲಾದದ್ದು ಹಣದ ಹರಿವು, ನಮ್ಮ ಮಟ್ಟಿಗೆ ಇದೇ ಮುಖ್ಯ. ಮೊದಲೆಲ್ಲ ಕ್ಲಬ್ಬು ನಡೆಯುತ್ತಿದ್ದುದು ಸದಸ್ಯರ ಚಂದಾದಿಂದ, ಟಿಕೆಟ್ ಹಣದಿಂದ, ಒಬ್ಬಿಬ್ಬರು ಧನಿಕರ ಜೇಬಿನಿಂದ. 1996ರಲ್ಲಿ ರಾಷ್ಟ್ರೀಯ ಲೀಗು ಬಂದ ಮೇಲೆ ದೇಶವಿಡೀ ಓಡಾಡಿ ಆಡಬೇಕಾಯಿತು, ಸಂಬಳಗಳು ಏರಿದವು. 1998ರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಮೂಹ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಎರಡರಲ್ಲೂ ಅರ್ಧರ್ಧ ಪಾಲು ಹಿಡಿಯಿತು. ಅಲ್ಲಿಂದ ಆ ಎರಡು ಕ್ಲಬ್ಬುಗಳ ದಾರಿ ಬೇರೆಯಾಯಿತು. ಮೊಹಮ್ಮಡನ್ ಹಳೆಯ ಜೇಬಿನಲ್ಲೇ ಹೊಸ ಖರ್ಚು ಹುಡುಕಿತು.

ಇದರ ವಿಕಾರ ಎದ್ದು ಕಂಡದ್ದು 2013-14ರಲ್ಲಿ. ಆ ಒಂದೇ ಋತುವಿನಲ್ಲಿ ತಂಡ ಡ್ಯುರಾಂಡ್ ಕಪ್ ಗೆದ್ದಿತು, ಐಎಫ್ಎ ಶೀಲ್ಡ್ ಗೆದ್ದಿತು, ಅದರ ಜೊತೆಯಲ್ಲೇ ಐ-ಲೀಗಿನಿಂದ ಕೆಳದರ್ಜೆಗೆ ಜಾರಿತು. 2014ರ ಅಕ್ಟೋಬರ್‌ನಲ್ಲಿ ಹಣವಿಲ್ಲವೆಂದು ಹಿರಿಯರ ತಂಡವನ್ನೇ ಮುಚ್ಚುವುದಾಗಿ ಕ್ಲಬ್ಬು ಪ್ರಕಟಿಸಿತು. ಎರಡು ಕಪ್ಪುಗಳನ್ನು ಕಪಾಟಿನಲ್ಲಿಟ್ಟು ಒಲೆ ಆರಿಸಿದ ಮನೆ! ಆಟ ಗೊತ್ತಿಲ್ಲದ ತಂಡಕ್ಕೆ ಈ ಗತಿ ಬರುವುದಿಲ್ಲ. ಲೆಕ್ಕ ಗೊತ್ತಿಲ್ಲದ ಸಂಸ್ಥೆಗೆ ಮಾತ್ರ ಬರುತ್ತದೆ.

2024-25ರ ಕಥೆಯೂ ಬೇರೆಯಲ್ಲ. 2020ರಲ್ಲಿ ಒಬ್ಬ ಹೂಡಿಕೆದಾರರು, 2024ರಲ್ಲಿ ಇನ್ನೊಬ್ಬರು ಬಂದರು. ಷೇರು ಬರೆದುಕೊಟ್ಟಿಲ್ಲವೆಂದು ಒಂದು ಕಡೆಯವರು, ಹಣ ಬಿಡುಗಡೆ ಮಾಡಿಲ್ಲವೆಂದು ಇನ್ನೊಂದು ಕಡೆಯವರು. ನಡುವೆ ಆಟಗಾರರ ಸಂಬಳ ನಿಂತಿತು. 2025ರ ಜನವರಿಯಲ್ಲಿ ಅವರು ಅಭ್ಯಾಸಕ್ಕೆ ಇಳಿಯಲೊಪ್ಪಲಿಲ್ಲ. ಒಂದು ವರ್ಷದ ಹಿಂದೆ ಐ-ಲೀಗ್ ಗೆದ್ದುಕೊಟ್ಟಿದ್ದ ರಷ್ಯಾದ ಕೋಚ್ ಆಂಡ್ರೇ ಚೆರ್ನಿಶೋವ್ ಆ ತಿಂಗಳ ಕೊನೆಯಲ್ಲಿ ಸಂಬಳ ಬಾಕಿಯ ಕಾರಣ ಕೊಟ್ಟು ರಾಜೀನಾಮೆಯಿತ್ತರು. ಈ ಕೋಚ್‌ಗೆ ತಂತ್ರ ಗೊತ್ತಿಲ್ಲ ಎಂದು ಬೈದವರು, ತಂತ್ರ ಗೊತ್ತಿದ್ದ ವರ್ಷ ಮತ್ತು ಗೊತ್ತಿಲ್ಲದ ವರ್ಷಗಳ ನಡುವೆ ಆ ಮನುಷ್ಯನಿಗೆ ಏನಾಯಿತೆಂದು ಯೋಚಿಸಬೇಡವೆ?

ಇಲ್ಲಿ ನಾವು ಮತ್ತೆ ಸೌದಾನ ಕಡೆ ಹೋಗುತ್ತೇವೆ. ಶಹರ್ ಆಶೋಬ್ ಬರೆದ ಅದೇ ಕವಿ 'ತಜ್ಹೀಕೆ ರೋಜ್‌ಗಾರ್' ಎಂಬ ವಿಡಂಬನೆಯಲ್ಲಿ ಒಂದು ಕುದುರೆಯನ್ನು ಚಿತ್ರಿಸಿದ್ದಾನೆ. ಮೇವು ಕಾಣದೆ ಎಲುಬಿನ ಗೂಡಾದ, ಹೆಜ್ಜೆಯೆತ್ತಲಾರದ ಕುದುರೆ. ಮೊಘಲ್ ಸೈನ್ಯ ಯಾಕೆ ಸೋಲುತ್ತಿತ್ತು ಎಂಬುದಕ್ಕೆ ಆ ಒಂದು ಕುದುರೆ ಸಾಕ್ಷಿ. ಆಕಾಶವನ್ನು ಬೈದ ಕವಿತೆಗಳಿಗಿಂತ ಇದು ನಮಗೆ ಹೆಚ್ಚು ಹಿಡಿಸುವುದು ಯಾಕೆಂದರೆ, ಇಲ್ಲಿ ಕೇಳಬೇಕಾದ ಪ್ರಶ್ನೆ ನೆಲದ ಮೇಲಿದೆ: ಈ ಕುದುರೆಯ ಮೇವಿನ ಹಣ ಎಲ್ಲಿ ಹೋಯಿತು? ಅಭಿಮಾನಿಗಳ ವಾಗ್ವಾದದಲ್ಲಿ ಆಕಾಶ ಬೇಕಾದಷ್ಟಿದೆ, ಕುದುರೆ ಕಾಣುವುದಿಲ್ಲ. ಆಟಗಾರ ಮೈದಾನದಲ್ಲಿ ಓಡದಿದ್ದರೆ ಅವನಿಗೆ ಅಂಗಿಯ ಮೇಲೆ ಅಭಿಮಾನವಿಲ್ಲ ಎನ್ನುವವರಿಗೆ, ಅವನಿಗೂ ಬಾಡಿಗೆ ಮನೆಯಿದೆ, ಆ ಮನೆಯಲ್ಲಿ ತಿಂಗಳ ರೇಷನ್ ಹೊಂದಿಸುವ ಹೆಣ್ಣುಮಗಳಿದ್ದಾಳೆ ಎಂಬುದು ಹೊಳೆಯುವುದಿಲ್ಲ. ಅಂದಹಾಗೆ ಈ ಇಡೀ ವಾದದಲ್ಲಿ ಹೆಣ್ಣುದನಿ ನಮ್ಮ ಕಿವಿಗೆ ಬಿದ್ದದ್ದು ಬಲು ವಿರಳ. ಬಿದ್ದಿದ್ದರೆ ಸಂಬಳದ ಮಾತು ಮೊದಲೇ ಬರುತ್ತಿತ್ತೇನೋ.

ಇದು ಒಂದು ಕೌಮಿನ ಕಾಯಿಲೆ ಎನ್ನುವವರಿಗೂ ಒಂದು ಮಾತು. 2021ರ ಜುಲೈನಲ್ಲಿ ಈಸ್ಟ್ ಬೆಂಗಾಲ್ ಅಭಿಮಾನಿಗಳು ತಮ್ಮ ಕ್ಲಬ್ಬಿನ ಮುಂದೆಯೇ ಎರಡು ಬಣವಾಗಿ ನಿಂತು ಪೊಲೀಸರ ಲಾಠಿ ತಿಂದದ್ದು ಇದೇ ವಿಷಯಕ್ಕೆ. ಹೂಡಿಕೆದಾರ ಕಂಪನಿಯ ಒಪ್ಪಂದಕ್ಕೆ ಪದಾಧಿಕಾರಿಗಳು ಸಹಿ ಹಾಕುತ್ತಿರಲಿಲ್ಲ. ಹಾಕಿದರೆ ಕ್ಲಬ್ಬು ಮಾರಿದಂತೆ ಎಂದು ಕೆಲವರು, ಹಾಕದಿದ್ದರೆ ಕ್ಲಬ್ಬು ಸತ್ತಂತೆ ಎಂದು ಉಳಿದವರು. ಅಲ್ಲಿ ಕೌಮಿನ ಪ್ರಶ್ನೆಯಿರಲಿಲ್ಲ, ರೋಗ ಅದೇ. ನೂರು ವರ್ಷ ಹಳೆಯ ಸಂಘವೊಂದಕ್ಕೆ ಬಂಡವಾಳ ಬೇಕು, ಬಂಡವಾಳದ ಜೊತೆ ಬರುವ ಪ್ರಶ್ನೆಗಳು ಬೇಡ.

ಕೋಲ್ಕತ್ತದ ಈ ಮೂರೂ ಕ್ಲಬ್ಬುಗಳು ಬೆಳೆದದ್ದು ಸದಸ್ಯರು ಮತ ಹಾಕಿ ಪದಾಧಿಕಾರಿಗಳನ್ನು ಆರಿಸುವ ಸಂಘಗಳಾಗಿ. ಲೆಕ್ಕಪತ್ರ ಕೇಳುವ ಅಧಿಕಾರ ಸದಸ್ಯನಿಗಿದೆ. ಗ್ಯಾಲರಿಯಲ್ಲಿ ಗಂಟಲು ಹರಿದುಕೊಳ್ಳುವ ಸಾವಿರಾರು ಜನರಿಗೆ ಅದಿಲ್ಲ. ಸದಸ್ಯ ಬೇರೆ, ಅಭಿಮಾನಿ ಬೇರೆ. ವಾಗ್ವಾದ ಅಷ್ಟು ಜೋರಾಗಿರುವುದಕ್ಕೂ, ಅದರಿಂದ ಏನೂ ಆಗದಿರುವುದಕ್ಕೂ ಇದೇ ಕಾರಣವೆಂದು ನಮಗನಿಸುತ್ತದೆ. ಅಧಿಕಾರವಿದ್ದವನು ಸಭೆಗೆ ಬಂದು ಚಹಾ ಕುಡಿದು ಕೈಯೆತ್ತಿ ಹೋಗುತ್ತಾನೆ. ಅಧಿಕಾರವಿಲ್ಲದವನು ಬೀದಿಯಲ್ಲಿ ನಿಂತು 1934ರಿಂದ ಶುರುಮಾಡುತ್ತಾನೆ. ನಮ್ಮೂರುಗಳ ಅಂಜುಮನ್ ಸಭೆಗಳನ್ನು ನೋಡಿದವರಿಗೆ ಈ ದೃಶ್ಯ ಹೊಸದೇನಲ್ಲ.

ಆದರೂ ಈ ವಾದವನ್ನು ನಾವು ಕೇವಲ ಹಳಹಳಿಕೆ ಎಂದು ತಳ್ಳಿಹಾಕಲಾರೆವು. 2025ರ ಆರಂಭದಲ್ಲಿ ಅದರ ಧಾಟಿ ಸ್ವಲ್ಪ ಬದಲಾದದ್ದನ್ನು ಗಮನಿಸಿದೆವು. ವಿಭಜನೆಯ ಮಾತು ಹಿಂದೆ ಸರಿದು, ಒಪ್ಪಂದದಲ್ಲಿ ಏನಿದೆ, ಯಾರು ಎಷ್ಟು ಕೊಡಬೇಕಿತ್ತು, ಎಷ್ಟು ಕೊಟ್ಟರು ಎಂಬ ಒಣ ಪ್ರಶ್ನೆಗಳು ಕಿರಿಯರ ಬಾಯಲ್ಲಿ ಬಂದವು. ಇವುಗಳಲ್ಲಿ ಕಾವ್ಯವಿಲ್ಲ. ಹಿರಿಯರಿಗೆ ಇವು ರುಚಿಸಲೂ ಇಲ್ಲ. ಆ ಲೀಗಿನಲ್ಲಿ ಆಗ ಕೊನೆಯ ತಂಡವನ್ನು ಕೆಳಗಿಳಿಸುವ ನಿಯಮವಿರಲಿಲ್ಲವಾದ್ದರಿಂದ ಕ್ಲಬ್ಬು ಉಳಿಯಿತು. ಮುಂದಿನ ಲೀಗೇ ಸಂಘಟಕರ ಒಪ್ಪಂದದ ಗೊಂದಲದಲ್ಲಿ ತಿಂಗಳುಗಟ್ಟಲೆ ತಡವಾದದ್ದರಿಂದ ಪ್ರಶ್ನೆ ಕೇಳುವವರಿಗೆ ಸಮಯವೂ ಸಿಕ್ಕಿತು.

ಆ ಕೆಟ್ಟ ವರ್ಷದ ಎರಡು ಗೆಲುವುಗಳಲ್ಲಿ ಒಂದು ಚೆನ್ನೈಯದು. ಇನ್ನೊಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ್ದು. 2025ರ ಜನವರಿ 11ರಂದು, ಪಟ್ಟಿಯ ಮೇಲ್ಭಾಗದಲ್ಲಿದ್ದ ಬೆಂಗಳೂರು ಎಫ್‌ಸಿ ವಿರುದ್ಧ, ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಉಜ್ಬೇಕಿಸ್ತಾನದ ಮಿರ್ಜಲೋಲ್ ಕಾಸಿಮೋವ್ ಫ್ರೀಕಿಕ್‌ನಲ್ಲಿ ಹೊಡೆದ ಒಂದೇ ಗೋಲು. ಹೊರಗಿನವನು, ದುಡ್ಡಿಗಾಗಿ ಬಂದವನು. ತಂಡದ ಬಾಕಿ ಆ ರಾತ್ರಿಯೂ ಹಾಗೆಯೇ ಇತ್ತು.